ಎರಡು ಪೈಪು, ಒಂದೇ ಓಣಿ: ನಗರದ ನೀರು, ಒಳಚರಂಡಿ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ

ಕುಡಿಯುವ ನೀರಿನ ಪೈಪಿಗೂ ಒಳಚರಂಡಿ ಪೈಪಿಗೂ ನಡುವೆ ಅಡ್ಡಡ್ಡ ಮೂರು ಮೀಟರ್ ಅಂತರ ಇರಬೇಕು, ಒಂದನ್ನೊಂದು ದಾಟುವಲ್ಲಿ ನೀರಿನ ಪೈಪು ಅರ್ಧ ಮೀಟರ್ ಮೇಲಿರಬೇಕು ಎಂದು ಕೈಪಿಡಿ ಹೇಳುತ್ತದೆ. ವಿಜಯಪುರದ ಕೋಟೆಯೊಳಗಿನ ಎಷ್ಟೋ ಓಣಿಗಳಲ್ಲಿ ರಸ್ತೆಯ ಅಗಲವೇ ಅಷ್ಟಿಲ್ಲ. ಅಲ್ಲಿ ನಳದ ಪೈಪು, ಗಟಾರ, ಯುಜಿಡಿ (ನೆಲದೊಳಗಿನ ಒಳಚರಂಡಿ) ಲೈನು ಮೂರೂ ಮಗ್ಗುಲಿಗೆ ಮಗ್ಗುಲು ತಾಗಿಕೊಂಡೇ ಮಲಗಿರುತ್ತವೆ. ಕಚೇರಿಯಲ್ಲಿ ನೀರು ಸರಬರಾಜಿಗೆ ಒಂದು ಟೇಬಲ್, ಯುಜಿಡಿಗೆ ಇನ್ನೊಂದು. ನೆಲದೊಳಗೆ ಆ ವಿಂಗಡಣೆ ಇಲ್ಲ. ಒಂದರ ಸೋರಿಕೆ ಇನ್ನೊಂದರ ರೋಗ.

ಆದ್ದರಿಂದ ನೀವು ವಾಲ್‌ಮನ್ ಆಗಿ ಸೇರಿರಿ, ಪಂಪ್ ಆಪರೇಟರ್ ಆಗಿ ಸೇರಿರಿ, ಯುಜಿಡಿ ಗ್ಯಾಂಗಿಗೆ ಬನ್ನಿ, ಎರಡೂ ಕಡೆಯ ಕೆಲಸ ಗೊತ್ತಿರಲೇಬೇಕು. ಐಟಿಐ ಫಿಟ್ಟರ್ ಅಥವಾ ಎಲೆಕ್ಟ್ರಿಷಿಯನ್ ಓದಿದವರಿಗೆ ಪಾನಾ ಹಿಡಿಯುವುದನ್ನು ಯಾರೂ ಕಲಿಸಬೇಕಿಲ್ಲ. ಕಲಿಯಬೇಕಾದದ್ದು ಕಣ್ಣಿಗೆ ಕಾಣದ್ದನ್ನು. ಅದನ್ನು ಯಾವ ಕ್ರಮದಲ್ಲಿ ಕಲಿತರೆ ಒಳ್ಳೆಯದು ಎಂಬುದು ಇಲ್ಲಿದೆ.

ಮೊದಲು ನೀರು ಎಲ್ಲಿಂದ ಬರುತ್ತದೆ ನೋಡಿ ಬನ್ನಿ

ಸೇರಿದ ವಾರದಲ್ಲೇ ಮೇಲಿನವರನ್ನು ಕೇಳಿಕೊಂಡು ಮೂಲದಿಂದ ನಿಮ್ಮ ವಾರ್ಡಿನ ಟಾಕಿವರೆಗೆ ಒಮ್ಮೆ ಹೋಗಿ ಬನ್ನಿ. ವಿಜಯಪುರಕ್ಕೆ ಕೊಲ್ಹಾರದ ಹತ್ತಿರ ಕೃಷ್ಣೆಯಿಂದ ನೀರು ಎತ್ತುತ್ತಾರೆ, ಭೂತನಾಳ ಕೆರೆಯೂ ಇದೆ. ಬೆಳಗಾವಿಗೆ ಮಾರ್ಕಂಡೇಯ ನದಿಯ ರಕ್ಕಸಕೊಪ್ಪ ಜಲಾಶಯ ಮತ್ತು ಘಟಪ್ರಭೆಯ ಹಿಡಕಲ್ ಅಣೆಕಟ್ಟು. ಬಾಗಲಕೋಟೆಯ ಪರಿಸ್ಥಿತಿ ಬೇರೆ: ಆಲಮಟ್ಟಿ ಹಿನ್ನೀರಿಗೆ ಹಳೆ ಊರಿನ ಭಾಗ ಮುಳುಗಿ ಕಟ್ಟಿದ ನವನಗರದಲ್ಲಿ ಸೆಕ್ಟರ್ ಲೆಕ್ಕದಲ್ಲಿ ರಸ್ತೆಗಳು ನೇರವಾಗಿವೆ, ಲೈನು ಹುಡುಕುವುದು ಸುಲಭ. ಹಳೆ ಬಾಗಲಕೋಟೆಗೆ ಬಂದರೆ ಮತ್ತೆ ಅದೇ ಸಂದಿಗೊಂದಿ.

ಹೋದಾಗ ಎರಡು ವಿಷಯ ಗಮನಿಸಿ. ದೊಡ್ಡ ಪೈಪು ದಿಬ್ಬ ಏರುವ ಕಡೆ ತುದಿಯಲ್ಲಿ ಏರ್ ವಾಲ್ವ್ ಇರುತ್ತದೆ, ಒಳಗೆ ಸಿಕ್ಕಿದ ಗಾಳಿ ಹೊರಹೋಗಲು. ತಗ್ಗಿನಲ್ಲಿ ಸ್ಕೌರ್ ವಾಲ್ವ್ ಇರುತ್ತದೆ, ಕೂತ ಕೆಸರನ್ನು ಹೊರಬಿಡಲು. ಊರಿನೊಳಗಿನ ಸಣ್ಣ ಲೈನಿನಲ್ಲೂ ಇದೇ ಲೆಕ್ಕ. ವಿಜಯಪುರದವರಿಗೆ ಇದು ಹೊಸದಲ್ಲ, ನಿಜ ಹೇಳಬೇಕೆಂದರೆ. 1651ರಲ್ಲಿ ಮಹಮ್ಮದ್ ಆದಿಲ್ ಶಾಹ ಕಟ್ಟಿಸಿದ ಬೇಗಂ ತಾಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ಊರೊಳಗೆ ನೀರು ಬರುತ್ತಿತ್ತು. ದಾರಿಯಲ್ಲಿ ಒತ್ತಡ ಇಳಿಸಲು, ಕೆಸರು ಕೂರಿಸಲು ಕಟ್ಟಿದ ಗೋಪುರಗಳು ಇವತ್ತಿಗೂ ನಿಂತಿವೆ. ಜನ ಅವನ್ನು ಗಂಜ್ ಎನ್ನುತ್ತಾರೆ. ಕೊಳವೆ ಒಡೆಯದಂತೆ ಒತ್ತಡ ಇಳಿಸಬೇಕು ಎಂಬ ಬುದ್ಧಿ ಆಗಲೇ ಇತ್ತು. ವಾಲ್ವನ್ನು ಗಬಕ್ಕನೆ ತಿರುವಿ ಪೈಪು ಒಡೆಸುವ ಚಟ ಮಾತ್ರ ನಮ್ಮ ಕಾಲದ್ದು.

ವಾಲ್ವಿನ ವಹಿ

ಪ್ರತಿ ಊರಲ್ಲೂ ನಕ್ಷೆ ಇರುತ್ತದೆ. ಪ್ರತಿ ನಕ್ಷೆಯೂ ಸ್ವಲ್ಪ ಸುಳ್ಳಿರುತ್ತದೆ. ನಿಜವಾದ ನಕ್ಷೆ ಇರುವುದು ಹಿರಿಯ ವಾಲ್‌ಮನ್ ತಲೆಯಲ್ಲಿ. ಅವರು ನಿವೃತ್ತರಾದ ಮರುದಿನದಿಂದ ಅರ್ಧ ಊರಿನ ವಾಲ್ವುಗಳು ಕಳೆದುಹೋಗುತ್ತವೆ.

ಇನ್ನೂರು ಪುಟದ ಒಂದು ವಹಿ ತೆಗೆದುಕೊಂಡು ಹಿರಿಯರ ಹಿಂದೆ ತಿರುಗಿ. ಪ್ರತಿ ವಾಲ್ವಿಗೆ ಒಂದು ಪುಟ. ಎಲ್ಲಿದೆ ಎಂಬುದನ್ನು ಎರಡು ಕದಲದ ಗುರುತುಗಳಿಂದ ಟೇಪು ಹಿಡಿದು ಬರೆಯಿರಿ: ಗುಡಿಯ ಈಶಾನ್ಯ ಮೂಲೆಯಿಂದ ಇಷ್ಟು ಮೀಟರ್, ಎದುರಿನ ಮನೆಯ ಕಟ್ಟೆಯಿಂದ ಇಷ್ಟು. ವಿದ್ಯುತ್ ಕಂಬವನ್ನು ಗುರುತು ಹಿಡಿಯಬೇಡಿ, ಹೆಸ್ಕಾಂನವರು ಯಾವತ್ತು ಎತ್ತಿ ಬೇರೆ ಕಡೆ ನೆಡುತ್ತಾರೋ ಹೇಳಲು ಬಾರದು. ಒಂದೇ ಗುರುತಿನಿಂದ ಅಳೆದರೆ ಸುತ್ತಲೂ ಅಗೆಯಬೇಕಾಗುತ್ತದೆ. ಎರಡರಿಂದ ಅಳೆದಿದ್ದರೆ ಎರಡು ಟೇಪು ಕೂಡುವಲ್ಲಿ ಗುದ್ದಲಿ ಹಾಕಿದರೆ ಸಾಕು. ಮೇಲೆ ಡಾಂಬರು ಬಿದ್ದು ವಾಲ್ವಿನ ಚೇಂಬರ್ ಮುಚ್ಚಿಹೋದ ದಿನ ಈ ಪುಟದ ಬೆಲೆ ತಿಳಿಯುತ್ತದೆ. ರಸ್ತೆ ಕೆಲಸ ನಡೆಯುತ್ತದೆ ಎಂದು ಗೊತ್ತಾದರೆ ಮುಂಚೆಯೇ ಹೋಗಿ ಚೇಂಬರ್ ಏರಿಸಿ ಎಂದು ಗುತ್ತಿಗೆದಾರರ ಬೆನ್ನು ಹತ್ತಿ.

ಅದೇ ಪುಟದಲ್ಲಿ ಬರೆಯಬೇಕಾದ ಇನ್ನಷ್ಟು: ಪೈಪಿನ ಅಳತೆ, ಯಾವ ಪೈಪು (ಬೀಡು, ಡಿಐ ಅಂದರೆ ಡಕ್ಟೈಲ್ ಕಬ್ಬಿಣ, ಎಸಿ ಅಂದರೆ ಕಲ್ನಾರು ಸಿಮೆಂಟ್, ಪ್ಲಾಸ್ಟಿಕ್ಕಿನ ಪಿವಿಸಿ, ಎಚ್‌ಡಿಪಿಇ), ಯಾವ ಓಣಿಗೆ ನೀರು ಹೋಗುತ್ತದೆ, ಮುಚ್ಚಲು ಎಷ್ಟು ಸುತ್ತು, ಯಾವ ದಿಕ್ಕು. ಸಾಮಾನ್ಯವಾಗಿ ಬಲಕ್ಕೆ ತಿರುವಿದರೆ ಮುಚ್ಚುತ್ತದೆ. ಆದರೆ "ತಮ್ಮಾ, ಆ ವಾಲ್ ಉಲ್ಟಾ ಐತಿ, ನೆಪ್ಪಿಟ್ಕೋ" ಎಂದು ಹಿರಿಯರು ಹೇಳುವ ಒಂದಾದರೂ ವಾಲ್ವ್ ಎಲ್ಲ ಊರಲ್ಲೂ ಇರುತ್ತದೆ. ಸುತ್ತಿನ ಲೆಕ್ಕಕ್ಕೆ ಒಂದು ಅಂದಾಜು: ಇಂಚಿಗೆ ಸುಮಾರು ಮೂರು ಸುತ್ತು, ಮೇಲೆ ಎರಡು ಮೂರು. ನಾಲ್ಕು ಇಂಚಿನದ್ದು ಎಂಟೇ ಸುತ್ತಿಗೆ ಬಿಗಿಯಾಯಿತು ಎಂದರೆ ಮುಚ್ಚಿಲ್ಲ, ಗೇಟಿನ ಕೆಳಗೆ ಕಲ್ಲೋ ಕೆಸರೋ ಸಿಕ್ಕಿದೆ. ಚಾವಿಗೆ ಉದ್ದ ಪೈಪು ಸಿಕ್ಕಿಸಿ ಇಬ್ಬರು ಜೋತುಬಿದ್ದರೆ ಗೇಟನ್ನು ಏರಿಳಿಸುವ ಸ್ಪಿಂಡಲ್ ಮುರಿಯುತ್ತದೆ. ಅದರ ಬದಲು ಸ್ವಲ್ಪ ತೆರೆದು ಸ್ವಲ್ಪ ಮುಚ್ಚಿ, ಮತ್ತೆ ತೆರೆದು ಮುಚ್ಚಿ, ನೀರಿನ ರಭಸಕ್ಕೇ ಆ ಕೆಸರು ತೊಳೆದುಹೋಗುವಂತೆ ಮಾಡಿ.

ಪೂರ್ತಿ ತೆರೆದ ಮೇಲೆ ಅರ್ಧ ಸುತ್ತು ಹಿಂದಕ್ಕೆ ಬಿಡಿ, ಇಲ್ಲದಿದ್ದರೆ ಮುಂದಿನ ಸಲ ಜಾಮ್ ಆಗಿ ಕೂತಿರುತ್ತದೆ. ಮುಚ್ಚುವಾಗ ಕೊನೆಯ ಕೆಲವು ಸುತ್ತು ಅತಿ ನಿಧಾನ. ಹರಿಯುವ ನೀರನ್ನು ಒಮ್ಮೆಲೇ ತಡೆದರೆ ಅದರ ಏಟು ಪೈಪಿಗೇ ಬೀಳುತ್ತದೆ, ಒಡೆಯುವುದು ನೀವು ನಿಂತಲ್ಲಲ್ಲ, ಎರಡು ಓಣಿ ಆಚೆ. ನೀರು ಬಿಡುವಾಗಲೂ ಹಾಗೆಯೇ: ಖಾಲಿ ಲೈನಿಗೆ ಮೊದಲು ಕಾಲುಭಾಗ ತೆರೆಯಿರಿ, ನಳಗಳು ಬುಸುಗುಟ್ಟಿ ಗಾಳಿ ಹೋಗಲಿ, ಆಮೇಲೆ ಪೂರ್ತಿ.

ಇನ್ನು ಸಮಯದ ಮಾತು. ವಾಲ್‌ಮನ್‌ಗೆ ಬರುವಷ್ಟು ಫೋನು ತಹಶೀಲ್ದಾರರಿಗೂ ಬರುವುದಿಲ್ಲ. "ಮನ್ಯಾಗ ಲಗ್ನ ಐತ್ರೀ, ಇವತ್ತೊಂದಿನ ಅರ್ಧ ತಾಸು ಜಾಸ್ತಿ ಬಿಡ್ರಿ" ಎಂದು ಒಬ್ಬರು, ತಮ್ಮ ಓಣಿಗೇ ಮೊದಲು ಬಿಡಬೇಕೆಂದು ಇನ್ನೊಬ್ಬರು. ಒಂದು ಓಣಿಗೆ ಕೊಟ್ಟ ಅರ್ಧ ತಾಸು ಕೊನೆಯ ಓಣಿಯಿಂದ ಕಿತ್ತದ್ದೇ ಆಗಿರುತ್ತದೆ. ಲಗ್ನಕ್ಕೆ ಟ್ಯಾಂಕರ್ ಬರೆಸಿಕೊಡಿ, ವಾಲ್ವ್ ಮುಟ್ಟಬೇಡಿ. ಬಿಟ್ಟ ಹೊತ್ತು, ಮುಚ್ಚಿದ ಹೊತ್ತು ಎರಡನ್ನೂ ವಹಿಯಲ್ಲಿ ಬರೆದಿಟ್ಟರೆ ನಾಳೆ ಯಾರಾದರೂ ದೂರು ಕೊಟ್ಟಾಗ ನಿಮ್ಮ ಪರವಾಗಿ ಮಾತಾಡುವುದು ಅದೇ.

ಪಂಪ್ ಹೌಸಿಗೆ ಹಾಕಿದರೆ

ಇಲ್ಲಿನ ಕೆಲಸ ಬೇಗ ಕೈಗೆ ಹತ್ತುತ್ತದೆ. ಸೆಂಟ್ರಿಫ್ಯೂಗಲ್ ಪಂಪನ್ನು ಡೆಲಿವರಿ ವಾಲ್ವ್ (ನೀರು ಹೊರಹೋಗುವ ಕಡೆಯದ್ದು) ಮುಚ್ಚಿಟ್ಟೇ ಚಾಲೂ ಮಾಡಬೇಕು, ಆಮೇಲೆ ನಿಧಾನ ತೆರೆಯಬೇಕು. ನಿಲ್ಲಿಸುವಾಗ ಮೊದಲು ವಾಲ್ವ್, ಆಮೇಲೆ ಸ್ವಿಚ್ಚು. ಶಾಫ್ಟು ಪಂಪಿನಿಂದ ಹೊರಬರುವಲ್ಲಿರುವ ಗ್ಲ್ಯಾಂಡಿನಿಂದ ಹನಿ ಹನಿ ನೀರು ಬೀಳುತ್ತಿರಬೇಕು. ಅದನ್ನು ಸೋರಿಕೆ ಎಂದುಕೊಂಡು ಬಿಗಿ ಮಾಡುವ ಹೊಸಬರು ಶಾಫ್ಟಿನ ಸ್ಲೀವ್ ಸುಟ್ಟುಬಿಡುತ್ತಾರೆ. ಕ್ಲೋರಿನ್ ಟನ್ನರ್ (ಕ್ಲೋರಿನ್ ಗ್ಯಾಸಿನ ದೊಡ್ಡ ಸಿಲಿಂಡರ್) ಇರುವ ಕಡೆ ಡ್ಯೂಟಿಯಾದರೆ ಮೊದಲ ದಿನವೇ ಗಾಳಿ ಯಾವ ದಿಕ್ಕಿಗೆ ಬೀಸುತ್ತದೆ, ಎತ್ತರದ ಜಾಗ ಯಾವುದು ನೋಡಿಟ್ಟುಕೊಳ್ಳಿ. ಕ್ಲೋರಿನ್ ಗಾಳಿಗಿಂತ ಎರಡೂವರೆ ಪಟ್ಟು ಭಾರ, ನೆಲ ಹಿಡಿದು ತಗ್ಗಿಗೆ ಹರಿಯುತ್ತದೆ. ಸೋರಿದರೆ ಗಾಳಿ ಬೀಸುವ ದಿಕ್ಕಿಗೆ ಅಡ್ಡವಾಗಿ, ಎತ್ತರಕ್ಕೆ ಓಡಬೇಕು. ಸೋರುವ ಸಿಲಿಂಡರ್ ಮೇಲೆ ನೀರು ಹಾಕಬಾರದು, ತೂತು ಇನ್ನಷ್ಟು ತಿನ್ನಿಹೋಗುತ್ತದೆ.

ಟಾಕಿಗೆ ಬ್ಲೀಚಿಂಗ್ ಪೌಡರ್ ಹಾಕುವ ಲೆಕ್ಕ ಬಾಯಿಪಾಠ ಇರಲಿ. ಹತ್ತು ಲಕ್ಷ ಲೀಟರ್ ನೀರಿಗೆ ಲೀಟರಿಗೆ ಒಂದು ಮಿಲಿಗ್ರಾಂ ಬೇಕೆಂದರೆ ಒಂದು ಕೆಜಿ ಕ್ಲೋರಿನ್. ಹೊಸ ಪೌಡರಿನಲ್ಲಿ ಕ್ಲೋರಿನ್ ಅಂಶ ನೂರಕ್ಕೆ 33ರಷ್ಟು, ಹಾಗಾಗಿ ಮೂರು ಕೆಜಿ. ಚೀಲ ಒಡೆದು ದಿನಗಳಾದ ಪೌಡರಿನಲ್ಲಿ 25ಕ್ಕೂ ಇಳಿದಿರುತ್ತದೆ, ಆಗ ನಾಲ್ಕು ಕೆಜಿ. ತಗಡಿನ ಶೆಡ್ಡಿನಲ್ಲಿ ಏಪ್ರಿಲ್ ಬಿಸಿಲಿಗೆ ಬೇಯುತ್ತ ಕೂತ ಚೀಲದಲ್ಲಿ ಬರೀ ಸುಣ್ಣ ಉಳಿದಿರುತ್ತದೆ, ಹಾಕಿದೆವು ಎಂಬ ಸಮಾಧಾನ ಮಾತ್ರ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ಕೆಳಗೆ ಕೂತ ಮೇಲೆ ತಿಳಿಯನ್ನು ಟಾಕಿಗೆ ಸುರಿಯಿರಿ, ಅರ್ಧ ತಾಸು ಬಿಟ್ಟು ನೀರು ಬಿಡಿ.

"ನಳದಾಗ ನೀರ ವಾಸನಿ ಹೊಡ್ಯಾಕತ್ತಾವ್ರಿ"

ಈ ಕೆಲಸದಲ್ಲಿ ಇದಕ್ಕಿಂತ ದೊಡ್ಡ ದೂರು ಇಲ್ಲ. ನೀರು ಬಂದಿಲ್ಲ ಎಂದರೆ ಜನ ಬೈಯುತ್ತಾರೆ ಅಷ್ಟೇ. ನೀರಿಗೆ ಗಟಾರ ಸೇರಿದರೆ ವಾಂತಿಭೇದಿ, ಕಾಮಾಲೆ, ಟೈಫಾಯ್ಡ್. ಮನೆಯವರು ಸಿಟ್ಟಿನಲ್ಲಿದ್ದರೂ ಇಂಥ ದೂರು ಬಂದ ಹೊತ್ತಿಗೇ ಹೊರಡಿ. ಅಷ್ಟೇ ಮುಖ್ಯವಾದದ್ದು, ನೀರು ಬಿಡುವ ಹೊತ್ತಿಗೆ ಹೋಗುವುದು. ನಳ ನಿಂತ ಮೇಲೆ ಹೋದರೆ ನೋಡಲು ಏನೂ ಇರುವುದಿಲ್ಲ.

ಕೊಳೆ ಹೇಗೆ ಒಳಗೆ ಬರುತ್ತದೆ ಎಂಬುದು ಮೊದಲು ತಿಳಿದಿರಲಿ. ಲೈನಿನಲ್ಲಿ ಒತ್ತಡ ಇರುವವರೆಗೆ ತೂತಿನಿಂದ ನೀರು ಹೊರಗೆ ಬರುತ್ತದೆ, ಹೊರಗಿನದ್ದು ಒಳಗೆ ಹೋಗುವುದಿಲ್ಲ. ವಾಲ್ವ್ ಮುಚ್ಚಿದ ಕೂಡಲೇ ತಗ್ಗಿನ ಮನೆಗಳತ್ತ ನೀರು ಇಳಿಯುತ್ತದೆ, ಮೇಲಿನ ಪೈಪು ಖಾಲಿಯಾಗಿ ಗಾಳಿ ಎಳೆಯುತ್ತದೆ. ತೂತಿನ ಸುತ್ತ ಗಟಾರದ ನೀರು ನಿಂತಿದ್ದರೆ ಅದನ್ನೇ ಎಳೆಯುತ್ತದೆ. ನಳಕ್ಕೇ ನೇರ ಮೋಟಾರ್ ಹಚ್ಚಿದ ಮನೆ ಇದ್ದರೆ ನೀರು ಬಿಟ್ಟ ಹೊತ್ತಿನಲ್ಲೂ ಇದೇ ಕಥೆ. ಆ ಮನೆಯ ಮೋಟಾರು ಓಣಿಯ ಎಲ್ಲರಿಗೂ ಗಟಾರ ಕುಡಿಸುತ್ತದೆ. ಬೆಳಗಾವಿ, ಹುಬ್ಬಳ್ಳಿ–ಧಾರವಾಡ, ಕಲಬುರಗಿಗಳ ಕೆಲವು ವಾರ್ಡುಗಳಲ್ಲಿ 2008ರ ಹೊತ್ತಿಗೆ ದಿನದ 24 ಗಂಟೆ ನೀರು ಕೊಡುವ ವ್ಯವಸ್ಥೆ ತಂದಾಗ ಜನ ಮಾತಾಡಿದ್ದು ಅನುಕೂಲದ ಬಗ್ಗೆ. ಲೈನಿನವರ ಕಣ್ಣಿಗೆ ಅದರ ದೊಡ್ಡ ಲಾಭ ಬೇರೆ: ಪೈಪು ಖಾಲಿಯಾಗುವುದೇ ಇಲ್ಲ, ಎಳೆಯುವುದೂ ಇಲ್ಲ.

ಈಗ ಹುಡುಕುವ ಬಗೆ. ಕೈಯಲ್ಲಿ ಕ್ಲೋರಿನ್ ಅಳೆಯುವ ಕ್ಲೋರೋಸ್ಕೋಪ್ ಇರಬೇಕು. ಗಾಜಿನ ಕೊಳವೆಗೆ ನಳದ ನೀರು ಹಿಡಿದು ಕೆಲವು ಹನಿ ದ್ರಾವಣ ಹಾಕಿದರೆ ಕ್ಲೋರಿನ್ ಇದ್ದಷ್ಟು ಹಳದಿ ಬಣ್ಣ ಬರುತ್ತದೆ. ಹಾಕಿದ ಕ್ಷಣವೇ ಬಣ್ಣದ ಪಟ್ಟಿಯ ಜೊತೆ ಹೋಲಿಸಿ ನೋಡಬೇಕು, ಮಾತಾಡುತ್ತ ನಿಂತರೆ ಬಣ್ಣ ಗಾಢವಾಗಿ ಇಲ್ಲದ ಕ್ಲೋರಿನ್ ಇದ್ದಂತೆ ಕಾಣುತ್ತದೆ. ಕೊನೆಯ ಮನೆಯ ನಳದಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು ಎಂಬುದು ಭಾರತೀಯ ಮಾನಕ 10500ರ ಮಾತು.

ಟಾಕಿಯ ಹತ್ತಿರದ ಮೊದಲ ಮನೆಯಿಂದ ಶುರು ಮಾಡಿ. ಅಲ್ಲಿ ಒಳ್ಳೆಯ ಹಳದಿ. ನಾಲ್ಕು ಮನೆ ಬಿಟ್ಟು ಮತ್ತೊಂದು ನಳ, ಅಲ್ಲೂ ಹಳದಿ. ಮುಂದೆ ಗಿರಣಿಯ ತಿರುವು ದಾಟಿದ ಮೇಲಿನ ಮನೆಯಲ್ಲಿ ಕೊಳವೆ ಬಿಳಿಚಿಕೊಂಡಿದೆ, ಅದರಾಚೆ ಪೂರ್ತಿ ಸೊನ್ನೆ. ಕೊಳೆಯೇ ಕ್ಲೋರಿನ್ನನ್ನು ತಿಂದಿದೆ. ಹಳದಿ ಇದ್ದ ಕೊನೆಯ ಮನೆಗೂ ಸೊನ್ನೆಯಾದ ಮೊದಲ ಮನೆಗೂ ನಡುವಿನ ಆ ಇಷ್ಟು ಜಾಗದಲ್ಲೇ ತೂತಿದೆ. ಇಡೀ ಓಣಿ ಅಗೆಯುವ ಕೆಲಸ ಉಳಿಯಿತು.

ಅದೇ ಮನೆಯಲ್ಲಿ ಎರಡು ಸಲ ನೀರು ಹಿಡಿಯಿರಿ, ನಳ ಬಂದ ಕೂಡಲೇ ಒಮ್ಮೆ, ಕಾಲು ತಾಸಿನ ಮೇಲೆ ಇನ್ನೊಮ್ಮೆ. ಮೊದಲಿನದ್ದು ಮಾತ್ರ ಕೆಟ್ಟಿದ್ದರೆ ಅದು ನಳ ನಿಂತಿದ್ದ ಹೊತ್ತಿನಲ್ಲಿ ಎಳೆದ ಕೊಳೆ. ಎರಡೂ ಕೆಟ್ಟಿದ್ದರೆ ಯಾರದ್ದೋ ಮೋಟಾರು ಈಗಲೂ ಎಳೆಯುತ್ತಿದೆ, ಅಥವಾ ಮೇಲೆಲ್ಲೋ ದೊಡ್ಡ ತೊಂದರೆ ಇದೆ. ಒಂದೇ ಮನೆಯ ದೂರಾದರೆ ಲೈನು ಬಿಟ್ಟು ಆ ಮನೆಯ ಕನೆಕ್ಷನ್ ನೋಡಿ. ನಮ್ಮ ಊರುಗಳಲ್ಲಿ ಬಹುತೇಕ ಸಲ ಕಳ್ಳ ಸಿಗುವುದು ಅಲ್ಲಿಯೇ: ರಸ್ತೆಯ ಲೈನಿನಿಂದ ಮನೆಗೆ ಹೋಗುವ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪನ್ನು ಗಟಾರದೊಳಗಿಂದಲೇ ಹಾಯಿಸಿರುತ್ತಾರೆ. ವರ್ಷಾನುಗಟ್ಟಲೆ ಕೊಚ್ಚೆಯಲ್ಲಿ ನೆನೆದು ಕೆಳಮೈ ಜರಡಿಯಾಗಿರುತ್ತದೆ, ಮೇಲಿನಿಂದ ನೋಡಿದರೆ ಗಟ್ಟಿ. ಕೋಲಿನಿಂದ ಗಟಾರದ ಕೆಸರು ಸರಿಸಿ, ಪೈಪಿನ ತಳ ಕೈಗವಸು ಹಾಕಿ ಮುಟ್ಟಿ ನೋಡಿ. ಅದರ ಮೇಲೆ ಸೈಕಲ್ ಟ್ಯೂಬು ಸುತ್ತಿ ಬರುವುದು ರಿಪೇರಿಯಲ್ಲ, ಮುಂದಿನ ತಿಂಗಳ ದೂರಿಗೆ ಮುಂಗಡ. ಪೈಪು ಬದಲಿಸಿ, ಗಟಾರ ದಾಟುವಲ್ಲಿ ಗಟಾರದ ಮೇಲಿನಿಂದ, ಹೊರಗೆ ಹೊದಿಕೆಯಾಗಿ ಇನ್ನೊಂದು ದೊಡ್ಡ ಪೈಪು ತೊಡಿಸಿ ದಾಟಿಸಿ.

ತೂತು ಸಿಗುವವರೆಗೆ ಆ ಓಣಿಗೆ ನಳದ ನೀರು ಕುಡಿಯಬೇಡಿ ಎಂದು ಮನೆಮನೆಗೆ ಹೇಳಿ, ಟ್ಯಾಂಕರ್ ತರಿಸಿ. ಆಶಾ ಕಾರ್ಯಕರ್ತೆಯನ್ನು ಭೇಟಿಯಾಗಿ ಭೇದಿ ಕೇಸು ಇವೆಯೇ ವಿಚಾರಿಸಿ. ಯಾವ ಮನೆಯಲ್ಲಿ ಮೊದಲು ಎಂಬುದು ಅವರಿಗೆ ಗೊತ್ತಿರುತ್ತದೆ, ಅದು ನಿಮ್ಮ ಕ್ಲೋರೋಸ್ಕೋಪಿಗಿಂತ ಒಳ್ಳೆಯ ಸುಳಿವು. ಮತ್ತು ಹತ್ತಿರದ ಯುಜಿಡಿ ಚೇಂಬರ್ (ಮ್ಯಾನ್‌ಹೋಲ್) ತೆರೆದು ನೋಡದೆ ವಾಪಸು ಬರಬೇಡಿ. ಅದು ಕಟ್ಟಿಕೊಂಡು ತುಂಬಿ ನಿಂತಿದ್ದರೆ ಕೊಳೆ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ.

ಅಗೆದ ಮೇಲೆ

ವಿಜಯಪುರ, ಬಾಗಲಕೋಟೆ ಭಾಗದ ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಒಳಗಿನ ಪೈಪನ್ನು ವರ್ಷವರ್ಷವೂ ಎತ್ತಿ ಇಳಿಸುತ್ತದೆ. ಬಗ್ಗಲು ಬಾರದ ಎಸಿ, ಬೀಡಿನ ಪೈಪುಗಳು ಬಿರುಕು ಬಿಡುವುದು, ಜಾಯಿಂಟು ಕಳಚುವುದು ಇದರಿಂದಲೇ. ರಿಪೇರಿಯಾದ ಮೇಲೆ ಅದೇ ಎರೆ ಹೆಂಟೆಗಳನ್ನು ಮೇಲೆ ಕೆಡವಿ ಬರಬೇಡಿ. ಪೈಪಿನ ಕೆಳಗೆ, ಸುತ್ತ, ಮೇಲೊಂದಿಷ್ಟು ಮರಳು ಇಲ್ಲವೇ ಗರಸು ತುಂಬಿ, ಆಮೇಲೆ ಮಣ್ಣು. ಗುಂಡಿ ಒಂದೂವರೆ ಮೀಟರಿಗಿಂತ ಆಳ ಹೋದರೆ ಗೋಡೆಗಳಿಗೆ ಹಲಗೆ ಆನಿಸದೆ ಇಳಿಯಬಾರದು. ಒದ್ದೆ ಎರೆ ಕುಸಿಯುವ ಮುಂಚೆ ಸೂಚನೆ ಕೊಡುವುದಿಲ್ಲ. ಬೆಳಗಾವಿಯ ಕೆಂಪು ಮಣ್ಣಿನಲ್ಲಿ ಈ ಉಬ್ಬರವಿಳಿತ ಅಷ್ಟಿಲ್ಲ, ಅಲ್ಲಿನ ತೊಂದರೆ ಮಳೆಗಾಲದಲ್ಲಿ ಗುಂಡಿಗೆ ಎಷ್ಟು ಎತ್ತಿ ಹಾಕಿದರೂ ಒಸರುವ ನೀರು.

ಪೈಪು ಕತ್ತರಿಸುವ ಮುಂಚೆ ಗುಂಡಿಯ ನೀರನ್ನು ಪೈಪಿನ ತಳಕ್ಕಿಂತ ಕೆಳಗಿಳಿಸಿ. ಈ ಒಂದು ಮಾತು ಮರೆತರೆ ನೀವೇ ಕೈಯಾರೆ ಕೆಸರನ್ನು ಕುಡಿಯುವ ನೀರಿಗೆ ಸೇರಿಸಿದಂತೆ. ಹೊಸ ತುಂಡಿನ ಒಳಮೈಯನ್ನು, ಹಳೆಯ ಬಾಯಿಗಳನ್ನು ಬ್ಲೀಚಿಂಗ್ ತಿಳಿಯಿಂದ ಒರೆಸಿ ಕೂಡಿಸಿ. ಎಸಿ ಪೈಪಾಗಿದ್ದರೆ ಗ್ರೈಂಡರ್ ಮುಟ್ಟಲೇಬೇಡಿ. ಅದರಲ್ಲಿರುವುದು ಕಲ್ನಾರು, ದೂಳು ಶ್ವಾಸಕೋಶಕ್ಕೆ ಹೋದರೆ ದಶಕಗಳ ನಂತರ ತನ್ನ ಬಣ್ಣ ತೋರಿಸುತ್ತದೆ. ನೀರು ಹಾಕುತ್ತ ಕೈಗರಗಸದಿಂದ ಕೊಯ್ಯಿರಿ, ಮಾಸ್ಕ್ ಹಾಕಿ. ನೀರು ಬಿಟ್ಟ ಮೇಲೆ ಸ್ಕೌರ್ ಅಥವಾ ಕೊನೆಯ ನಳ ತೆರೆದು ತಿಳಿಯಾಗುವವರೆಗೆ ಹರಿಸಿ. ನೀರು ಪೋಲಾಗುತ್ತಿದೆ ಎಂದು ಯಾರಾದರೂ ಬೈದರೆ ಬೈಸಿಕೊಳ್ಳಿ.

ಚೇಂಬರ್ ಉಕ್ಕಿದಾಗ

ಒಳಚರಂಡಿ ಕಟ್ಟಿಕೊಂಡದ್ದು ಎಲ್ಲಿ ಎಂದು ಹುಡುಕುವುದು ಸುಲಭ. ಉಕ್ಕುತ್ತಿರುವ ಚೇಂಬರಿನಿಂದ ಹರಿವಿನ ದಿಕ್ಕಿನಲ್ಲಿ ಮುಂದಕ್ಕೆ ಮುಚ್ಚಳ ತೆರೆಯುತ್ತ ಹೋಗಿ. ಖಾಲಿ ಚೇಂಬರ್ ಸಿಕ್ಕಿತೆಂದರೆ ಅದಕ್ಕೂ ಅದರ ಹಿಂದಿನ ತುಂಬಿದ ಚೇಂಬರಿಗೂ ನಡುವೆ ಕಟ್ಟಿದೆ. ಸಣ್ಣ ಲೈನಿನಲ್ಲಿ ಚೇಂಬರಿಗೆ ಚೇಂಬರಿಗೆ ಸುಮಾರು 30 ಮೀಟರ್ ಅಂತರ. ಜೆಟ್ಟಿಂಗ್ ಮಷಿನ್ನಿನ ಪೈಪನ್ನು ಆ ಖಾಲಿ ಚೇಂಬರಿನಿಂದಲೇ, ಹರಿವಿಗೆ ಎದುರಾಗಿ ಬಿಡಬೇಕು. ನೋಝಲ್ಲಿನ ನೀರು ಹಿಂದಕ್ಕೆ ಚಿಮ್ಮಿ ಪೈಪನ್ನು ಮುಂದೆ ದೂಡುತ್ತದೆ, ಕೊಳೆಯನ್ನು ನಿಮ್ಮ ಕಡೆ ತರುತ್ತದೆ. ಬಂದ ಕೊಳೆಯನ್ನು ಸಕ್ಕಿಂಗ್ ಗಾಡಿಯಿಂದ ಎತ್ತಿ. ಅದನ್ನು ಮುಂದಕ್ಕೆ ಬಿಟ್ಟುಕೊಟ್ಟರೆ ನಾಳೆ ಮುಂದಿನ ಓಣಿಯಿಂದ ಫೋನು ಬರುತ್ತದೆ.

ಏನು ಬಂತು ಎಂಬುದನ್ನೂ ನೋಡಿ. ಖಾನಾವಳಿ ಸಾಲಿನಲ್ಲಿ ಹೆಪ್ಪುಗಟ್ಟಿದ ಎಣ್ಣೆ ಬಂದರೆ ಎಣ್ಣೆ ತಡೆಯುವ ತೊಟ್ಟಿ ಕಟ್ಟಿಸಿಲ್ಲ ಎಂದರ್ಥ, ನೋಟಿಸು ಕೊಡಿಸಿ. ಸಗಣಿ ಬಂದರೆ ಎಮ್ಮೆ ಕಟ್ಟುವ ಮನೆ ಹತ್ತಿರದಲ್ಲಿದೆ. ಮಳೆಗಾಲದಲ್ಲಿ ಬರೀ ಮರಳು ಬಂದರೆ ಯಾರೋ ಓಣಿಯಲ್ಲಿ ನಿಂತ ಮಳೆನೀರು ಬಸಿಯಲೆಂದು ಚೇಂಬರ್ ಮುಚ್ಚಳ ಎತ್ತಿದ್ದಾರೆ. ಬೆಳಗಾವಿಯಂಥ ಜೋರು ಮಳೆಯ ಊರಿನಲ್ಲಿ ಇದೊಂದು ದೊಡ್ಡ ಪೀಡೆ, ಒಂದು ಓಣಿ ಒಣಗುತ್ತದೆ, ತಗ್ಗಿನ ಓಣಿಯವರ ಪಾಯಖಾನೆಯಿಂದ ಕೊಚ್ಚೆ ಮೇಲೆ ಬರುತ್ತದೆ.

ಇಳಿಯುವ ಮಾತು

ಇಳಿಯಬಾರದು. ಕೊಳೆ ತೆಗೆಯಲು ಮನುಷ್ಯನನ್ನು ರಕ್ಷಣೆಯಿಲ್ಲದೆ ಚೇಂಬರಿಗೆ ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಏಳನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಅದು ಇಳಿಸಿದವರಿಗೆ, ಇಳಿದವರಿಗಲ್ಲ. ಮಷಿನ್ ಏನೂ ಮಾಡಲಾಗದ ಅಪರೂಪದ ಸಂದರ್ಭಗಳಲ್ಲಿ, ಉದಾಹರಣೆಗೆ ವೆಟ್‌ವೆಲ್ (ಕೊಳಚೆ ಬಂದು ಸೇರುವ ಬಾವಿ) ತಳದ ಪಂಪು ತೆಗೆಯುವಾಗ, ಪೂರ್ಣ ರಕ್ಷಣಾ ಸಾಮಗ್ರಿಯೊಂದಿಗೆ ಇಳಿಯಲು ನಿಯಮದಲ್ಲಿ ಅವಕಾಶವಿದೆ. ನಿಯಮದಲ್ಲಿ ಪಟ್ಟಿ ಮಾಡಿದ ಇಂಥ ಸಂದರ್ಭಗಳಿಗೆ ಹೊರತಾದ ಯಾವುದೇ ಕಾರಣಕ್ಕೆ ಮುಖ್ಯ ಅಧಿಕಾರಿ ಕಾರಣ ಬರೆದು ಲಿಖಿತ ಅನುಮತಿ ಕೊಡಬೇಕು. "ಒಂದ್ ಐದ್ ಮಿನಿಟಿನ ಕೆಲಸ, ಇಳದ್ ಬಾ" ಎಂದು ಮೇಸ್ತ್ರಿ ಹೇಳಿದರೆ ಅದು ಅನುಮತಿಯಲ್ಲ. "ಕಾಗದ ಕೊಡ್ರಿ ಸಾಹೇಬ್ರ" ಎನ್ನಿ. ಕಾಗದ ಬರುವುದಿಲ್ಲ, ಮಷಿನ್ ಬರುತ್ತದೆ.

ಯಾಕೆಂದು ತಿಳಿದಿದ್ದರೆ ಹಾಗೆ ಹೇಳಲು ಧೈರ್ಯ ಬರುತ್ತದೆ. ಚೇಂಬರಿನ ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡಿನದ್ದು. ಹತ್ತು ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಹತ್ತು ಪಾಲು) ದಾಟಿದರೆ ಗ್ಯಾಸ್ ಅಳೆಯುವ ಡಿಟೆಕ್ಟರ್ ಕೂಗುತ್ತದೆ. ನೂರರ ಆಸುಪಾಸಿಗೆ ಹೋದಾಗ ಮೂಗು ಸತ್ತುಹೋಗುತ್ತದೆ, ವಾಸನೆಯೇ ಬರುವುದಿಲ್ಲ. ವಾಸನೆ ಕಡಿಮೆಯಾಯಿತು, ಗಾಳಿಯಾಡಿದೆ ಎಂದುಕೊಂಡು ಇಳಿದವನು ಆ ಹೊತ್ತಿಗೇ ಅಪಾಯದೊಳಗಿರುತ್ತಾನೆ. ಐದುನೂರು ದಾಟಿದರೆ ನಿಮಿಷಗಳಲ್ಲಿ ಬೀಳುತ್ತಾನೆ. ಇನ್ನೂ ಮೋಸದ ಸಂಗತಿ: ಈ ಗ್ಯಾಸು ಕೆಸರಿನೊಳಗೆ ಹುದುಗಿರುತ್ತದೆ. ಮೇಲೆ ನಿಂತು ಅಳೆದಾಗ ಎಲ್ಲ ಸರಿ ಇರುತ್ತದೆ, ಕಾಲಿಟ್ಟು ಕೆಸರು ಕಲಕಿದ ಮೇಲೆ ಮೇಲೇಳುತ್ತದೆ. ಬೆಂಕಿಕಡ್ಡಿ ಗೀರಿ ನೋಡುವ ಹಳೆ ಪದ್ಧತಿ ಇದಕ್ಕೆ ಉತ್ತರವಲ್ಲ, ಮಿಥೇನ್ ಇದ್ದರೆ ಚೇಂಬರೇ ಹೊತ್ತಿಕೊಳ್ಳುತ್ತದೆ.

ಕಾಗದ ಬಂದು ಇಳಿಯಲೇಬೇಕಾದರೆ: ಹಿಂದಿನ, ಮುಂದಿನ ಚೇಂಬರುಗಳ ಮುಚ್ಚಳ ಬಹಳ ಹೊತ್ತು ಮುಂಚೆಯೇ ತೆರೆದಿಡಬೇಕು, ಬ್ಲೋವರ್ ಹಚ್ಚಿರಬೇಕು. ಡಿಟೆಕ್ಟರನ್ನು ಹಗ್ಗ ಕಟ್ಟಿ ಮೇಲೆ, ನಡುವೆ, ತಳದಲ್ಲಿ ಮೂರು ಕಡೆ ಇಳಿಸಿ ನೋಡಬೇಕು, ಆಮ್ಲಜನಕ ನೂರಕ್ಕೆ 19.5ಕ್ಕಿಂತ ಕಡಿಮೆ ಇರಬಾರದು. ಇಳಿದವರ ಮೈಮೇಲೂ ಡಿಟೆಕ್ಟರ್ ಇರಬೇಕು. ಗಾಳಿ ಒದಗಿಸುವ ಮುಖವಾಡ ಬೇಕು, ಬಟ್ಟೆಯ ಮಾಸ್ಕಾಗಲಿ ದೂಳಿನ ಮಾಸ್ಕಾಗಲಿ ಗ್ಯಾಸನ್ನು ತಡೆಯುವುದಿಲ್ಲ. ಎದೆಗೆ ಬೆಲ್ಟು, ಮೇಲೆ ಮುಕ್ಕಾಲಿ, ಅದರಿಂದ ಎತ್ತುವ ಹಗ್ಗ. ಮೇಲೆ ನಿಂತವರಿಗೆ ಹಗ್ಗದ ಮೇಲೆ ಕಣ್ಣಿಡುವುದನ್ನು ಬಿಟ್ಟು ಬೇರೆ ಕೆಲಸ ಇರಬಾರದು.

ಒಳಗಿದ್ದವರು ಬಿದ್ದರೆ ಅವರ ಹಿಂದೆ ಜಿಗಿಯಬೇಡಿ. ಈ ಸಾವುಗಳ ಸುದ್ದಿ ಓದಿ ನೋಡಿ, ಒಬ್ಬರದ್ದಲ್ಲ, ಇಬ್ಬರದ್ದು ಮೂವರದ್ದು ಇರುತ್ತದೆ. ಎರಡನೆಯವರು ಮೊದಲಿನವರನ್ನು ಉಳಿಸಲು ಹೋದವರು, ಬಹಳ ಸಲ ತಮ್ಮನೋ ಅಳಿಯನೋ. ಹಗ್ಗ ಎಳೆಯಿರಿ, ಬ್ಲೋವರ್ ಜೋರು ಮಾಡಿ, 112ಕ್ಕೆ ಫೋನ್ ಹಚ್ಚಿ ಅಗ್ನಿಶಾಮಕದವರನ್ನು ಕರೆಯಿರಿ. ಚೇಂಬರಿಗೆ ಇಳಿಸುತ್ತಿದ್ದಾರೆ ಎಂದು ದೂರು ಕೊಡಲು 14420 ಸಹಾಯವಾಣಿ ಇದೆ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಇಂಥ ಸಾವಿಗೆ ಪರಿಹಾರವನ್ನು ಹತ್ತು ಲಕ್ಷದಿಂದ 30 ಲಕ್ಷಕ್ಕೆ ಏರಿಸಿದೆ. ಅದನ್ನು ಮನೆಯವರು ತಿಳಿದಿರಲಿ, ಆದರೆ ಅವರಿಗೆ ಅದು ಬೇಕಾಗುವಂತೆ ಆಗದಿರಲಿ.

ಮೈ, ಕೈ, ಸಂಬಳ

ಟಿಟಿ, ಹೆಪಟೈಟಿಸ್ ಬಿ, ಟೈಫಾಯ್ಡ್ ಲಸಿಕೆ ಹಾಕಿಸಿಕೊಳ್ಳಿ. ಗಟಾರದಲ್ಲಿ ಕೆಲಸ ಮಾಡಿದ ವಾರ ಎರಡು ವಾರದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾದರೆ ಡಾಕ್ಟರಿಗೆ ನಿಮ್ಮ ಕೆಲಸ ಏನೆಂದು ಮೊದಲು ಹೇಳಿ, ಇಲಿಜ್ವರ ಇರಬಹುದು. ಡ್ಯೂಟಿ ಬಟ್ಟೆ ಮನೆಯವರ ಬಟ್ಟೆಯ ಜೊತೆ ಒಗೆಯಲು ಹಾಕಬೇಡಿ. ಎಲ್ಲಕ್ಕಿಂತ ಕೆಟ್ಟದ್ದು ಚೇಂಬರ್ ಮುಚ್ಚಿ ಎದ್ದ ಕೈಯಲ್ಲೇ ತಂಬಾಕು ತಿಕ್ಕಿ ತುಟಿಗಿಡುವುದು. ಗಾಡಿಯಲ್ಲಿ ಒಂದು ಕ್ಯಾನ್ ನೀರು, ಸಾಬೂನು ಸದಾ ಇರಲಿ.

ಏಜೆನ್ಸಿ ಮೂಲಕ ಸೇರಿದ್ದರೆ ಸಂಬಳದ ಚೀಟಿ ಪ್ರತಿ ತಿಂಗಳು ಕೇಳಿ ಪಡೆಯಿರಿ. ಪಿಎಫ್‌ಗೆ ನಿಮ್ಮಿಂದ ನೂರಕ್ಕೆ 12 ಹಿಡಿದರೆ ಏಜೆನ್ಸಿಯೂ ಅಷ್ಟೇ ತುಂಬಬೇಕು. ಇಎಸ್‌ಐಗೆ (ಕಾರ್ಮಿಕರ ಆರೋಗ್ಯ ವಿಮೆ) ನಿಮ್ಮದು ನೂರಕ್ಕೆ 0.75, ಅವರದ್ದು 3.25. ಹಿಡಿದ ಹಣ ತುಂಬಿದ್ದಾರೋ ಇಲ್ಲವೋ ಎಂದು ಉಮಂಗ್ ಆ್ಯಪಿನಲ್ಲಿ ನಿಮ್ಮ ಯುಎಎನ್ ನಂಬರ್ (ಪಿಎಫ್ ಸದಸ್ಯತ್ವದ ನಂಬರ್) ಹಾಕಿ ಪಾಸ್‌ಬುಕ್ ನೋಡಿದರೆ ಗೊತ್ತಾಗುತ್ತದೆ. ಇಎಸ್‌ಐ ಕಾರ್ಡು ಕೈಗೆ ಬಂದಿಲ್ಲವಾದರೆ ವಿಮಾ ನಂಬರನ್ನಾದರೂ ಬರೆದುಕೊಳ್ಳಿ. ಕೆಲಸದ ಮೇಲೆ ಗಾಯವಾದರೆ ಇಷ್ಟು ತಿಂಗಳು ವಂತಿಗೆ ಕಟ್ಟಿರಬೇಕೆಂಬ ಷರತ್ತು ಇಲ್ಲ, ಸೇರಿದ ಮೊದಲ ದಿನದಿಂದಲೇ ಸೌಲಭ್ಯ ಸಿಗುತ್ತದೆ. ಅದಕ್ಕಾಗಿ ಗಾಯ ಎಷ್ಟೇ ಸಣ್ಣದಿರಲಿ, ಆದ ದಿನವೇ ಅಪಘಾತದ ರಿಜಿಸ್ಟರಿನಲ್ಲಿ ಬರೆಸಿ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ.